ಏಳರ ನಂತರ ಹದಿನೈದು

ಎಣಿಕೆ ಏಳಕ್ಕೇ ನಿಂತಿತ್ತೋ, ಉಳಿದದ್ದನ್ನು ತಾನು ಮನಸ್ಸಿನಲ್ಲಿ ಎಣಿಸಿ ಮುಗಿಸಿದ್ದನೋ? ಎಣಿಸಿರಲೇಬೇಕು. ಎಂಟು ವರ್ಷದ ರೂಢಿ, ಕೈ ತಾನಾಗಿಯೇ ಮಾಡುವ ಕೆಲಸ. ಆದರೆ ಕೈ ತಾನಾಗಿ ಮಾಡುತ್ತದೆ ಎಂದು ನಂಬಬೇಡಿ ಎಂದೇ ಅಲ್ಲವೇ ಪ್ರತಿ ಶನಿವಾರ ಈ ಕೋಣೆಯಲ್ಲಿ ನಿಂತು ಹೇಳುವುದು?

"ಮುಂದೇನು ಸರ್?" ಎಂದು ಮೊದಲ ಸಾಲಿನ ಹುಡುಗಿ ಮರಾಠಿಯಲ್ಲಿ ಕೇಳಿದಳು.

ಪ್ರೇಮಕುಮಾರ ಕೈಯಲ್ಲಿದ್ದ ಗೊಂಬೆಯನ್ನು ನೋಡಿದ. ಪ್ಲಾಸ್ಟಿಕ್ ಮಗು. ಅದರ ತೋಳಿನಿಂದ ಸಣ್ಣ ನಳಿಗೆಯೊಂದು ಹೊರಬಂದು ಜೋತಾಡುತ್ತಿತ್ತು. ಎದುರಿಗೆ ಇಪ್ಪತ್ತೆರಡು ಜನ: ತಾಲ್ಲೂಕು ಆಸ್ಪತ್ರೆಗಳಿಂದ ಬಂದ ನರ್ಸ್‌ಗಳು, ಆಯಾಗಳು, ನೆಲ ಒರೆಸುವವರು. ಪುಣೆಯ ಆ ದೊಡ್ಡ ಆಸ್ಪತ್ರೆಯ ಮಕ್ಕಳ ಕ್ಯಾನ್ಸರ್ ವಾರ್ಡಿನಲ್ಲಿ ಅವನು ನರ್ಸ್. ಎರಡು ವರ್ಷದಿಂದ ಈ ತರಬೇತಿಯೂ ಅವನದೇ.

"ಔಷಧಿ ಈ ಮಕ್ಕಳ ರಕ್ತದಲ್ಲಿರುವ ಕಾವಲುಗಾರರನ್ನೂ ಕೊಲ್ಲುತ್ತದೆ. ಆಮೇಲೆ ಇರುವ ಕಾವಲು ನಿಮ್ಮ ಕೈ ಮಾತ್ರ. ಈ ನಳಿಗೆ ನೇರ ಹೃದಯದ ಹತ್ತಿರ ಹೋಗುತ್ತದೆ. ಸಿರಿಂಜ್ ಹಚ್ಚುವ ಮೊದಲು ಇದರ ಮುಚ್ಚಳವನ್ನು ಸ್ಪಿರಿಟ್ ಹತ್ತಿಯಿಂದ ಹದಿನೈದು ಎಣಿಸುವ ತನಕ ತಿಕ್ಕಬೇಕು. ಮತ್ತೆ ಹದಿನೈದು ಎಣಿಸುವ ತನಕ ಒಣಗಲು ಬಿಡಬೇಕು. ಬಾಯಿ ಬಿಟ್ಟು ಎಣಿಸಿ."

ಅವರು ಮರಾಠಿಯಲ್ಲಿ ಎಣಿಸತೊಡಗಿದರು, ಶಾಲೆಯ ಮಕ್ಕಳ ಹಾಗೆ. ಏಳು ಬಂದಾಗ ಅವನ ಕೈ ನಿಂತಿತು. ಅವರು ಎಂಟು, ಒಂಬತ್ತು ಎನ್ನುತ್ತ ಮುಂದೆ ಹೋದರು.

ಮಾನಮ್ಮ ಅವನ ಅಣ್ಣ ಜಟ್ಟೆಪ್ಪನ ಮಗಳು. ವಯಸ್ಸು ಆರು, ಹೆಸರು ಮಾತ್ರ ಮುತ್ತಜ್ಜಿಯದು. ಆಸ್ಪತ್ರೆಯ ಕಾರ್ಡಿನಲ್ಲಿ ಆ ಹೆಸರು ಓದಿದ ದಿನದಿಂದ ವಾರ್ಡಿನ ನರ್ಸ್‌ಗಳೆಲ್ಲ ಅವಳನ್ನು ಅಜ್ಜಿ ಎಂಬರ್ಥದಲ್ಲಿ 'ಆಜಿ' ಎಂದು ಕರೆಯುತ್ತಿದ್ದರು. "ಆಜಿ, ಮೊಮ್ಮಕ್ಕಳು ಎಷ್ಟು?" ಎಂದರೆ ಅವಳು ಬೆರಳು ಮಡಿಸಿ ಲೆಕ್ಕ ಹಾಕಿ, "ನೀವೆಲ್ಲ" ಎನ್ನುತ್ತಿದ್ದಳು. ರಕ್ತದ ಕ್ಯಾನ್ಸರ್ ಎಂದು ಗೊತ್ತಾದದ್ದು ಮಳೆಗಾಲದಲ್ಲಿ. ದೀಪಾವಳಿಯ ಹೊತ್ತಿಗೆ ತಲೆಗೂದಲು ಹೋಗಿ, ತೋಳಿಗೆ ನಳಿಗೆ ಬಂತು. ಅದಕ್ಕೆ ಅವಳಿಟ್ಟ ಹೆಸರು 'ಬಾಲ'.

ಮನೆ ಕಾತ್ರಜದಲ್ಲಿ. ಎರಡು ಕೋಣೆ, ಹಿಂದೆ ತಗಡು ಹೊದಿಸಿದ ಅಡುಗೆ ಜಾಗ. ಸುರಪುರದ ಕಡೆಯಿಂದ ಬಂದು ಹದಿನೆಂಟು ವರ್ಷವಾಗಿತ್ತು. ಜಟ್ಟೆಪ್ಪ ಫರಸಿ ಕೂಡಿಸುವ ಕೆಲಸಗಾರ. ಹಿಂಜವಾಡಿಯ ಹೊಸ ಫ್ಲ್ಯಾಟುಗಳಲ್ಲಿ ಅವನು ಕೂಡಿಸಿದ ನೆಲ ಎಷ್ಟಿತ್ತೋ. ತಮ್ಮನನ್ನು ನರ್ಸಿಂಗ್ ಓದಿಸಿದ್ದೂ ಆ ಮೊಣಕಾಲುಗಳ ಮೇಲೆಯೇ. ಹೆಂಡತಿ ಶರಣಮ್ಮ ಅದೇ ಕೆಲಸಗಳಲ್ಲಿ ಸಿಮೆಂಟು ಹೊರುತ್ತಿದ್ದವಳು, ಮಗಳಿಗೆ ಕಾಯಿಲೆ ಬಂದ ಮೇಲೆ ಮನೆಯಲ್ಲಿ ನಿಂತಳು. ಪ್ರೇಮಕುಮಾರನ ಹೆಂಡತಿ ಸುಮಂಗಲಾ ಹಿಂಜವಾಡಿಯ ಕಂಪನಿಯೊಂದರ ಕ್ಯಾಂಟೀನಿನಲ್ಲಿ ದುಡಿಯುತ್ತಿದ್ದಳು. ಅಡುಗೆಮನೆ ಅವ್ವ ಸಕ್ಕುಬಾಯಿಯದು.

ಆ ಅಡುಗೆಮನೆಯ ಬಾಗಿಲಿಗೆ ಪ್ರೇಮಕುಮಾರ ಒಂದು ಹಾಳೆ ಅಂಟಿಸಿದ. ಅವ್ವನಿಗೆ ಓದಲು ಬಾರದೆಂದು ಚಿತ್ರ ಬರೆದಿದ್ದ. ಹಸಿ ಉಳ್ಳಾಗಡ್ಡಿ, ಸವತಿಕಾಯಿ, ಮೊಸರಿನ ಗಡಿಗೆ, ಎಲ್ಲದರ ಮೇಲೂ ಕೆಂಪು ಗೀಟು.

"ಉಳ್ಳಾಗಡ್ಡಿ ಮ್ಯಾಗ ಯಾಕ ಗೀಟ ಹೊಡದೀದಿ? ಏನ್ ಕಳವ ಮಾಡ್ಯಾದ ಅದು?" ಎಂದಳು ಸಕ್ಕುಬಾಯಿ.

"ಹಸೀದು ಏನೂ ಕೊಡಬ್ಯಾಡವ್ವ ಆಕಿಗಿ. ಎಲ್ಲಾ ಕುದಿಸಿ ಕೊಡು."

"ಕುದಿಸಿ ಕುದಿಸಿ ಕೂಸಿನ ಬಾಯಿ ರುಚಿನೇ ಸತ್ತದ. ನಿಮ್ಮ ದವಾಖಾನಿ ಖಿಚಡಿ ನಾಯಿನೂ ಮೂಸಂಗಿಲ್ಲ."

"ನಾಯಿ ಮೂಸಿದ್ರ ಅದನ್ನೂ ಕೊಡಂಗಿಲ್ರಿ ಅತ್ತಿ" ಎಂದಳು ಸುಮಂಗಲಾ, ಡಬ್ಬಿ ಕಟ್ಟಿಕೊಳ್ಳುತ್ತ. ಶರಣಮ್ಮ ಕೂಡ ನಕ್ಕಳು.

"ಕೈ ತೊಳಿ ಅಂತ ದಿನಾ ಹೇಳ್ತಾನ" ಎಂದು ಸಕ್ಕುಬಾಯಿ ಗೊಣಗಿದಳು. "ಇದೇ ಕೈಯಾಗ ರೊಟ್ಟಿ ಬಡದೀನಿ. ಅದನ್ನ ತಿಂದೇ ನೀ ನರ್ಸ್ ಆಗೀದಿ."

ಗೊಣಗಿದರೂ ಅವಳು ತೊಳೆಯುತ್ತಿದ್ದಳು. ಬೆರಳ ಸಂದಿ, ಉಗುರಿನ ಬುಡ, ಮಣಿಕಟ್ಟಿನ ತನಕ. ಮಗ ಒಮ್ಮೆ ತೋರಿಸಿದ್ದನ್ನು ಅವಳು ಮರೆತ ದಿನವಿರಲಿಲ್ಲ. ವಾರ್ಡಿನ ಎಷ್ಟೋ ನರ್ಸ್‌ಗಳಿಗಿಂತ ಅವ್ವನೇ ಚೆನ್ನಾಗಿ ತೊಳೆಯುತ್ತಾಳೆ ಎಂದು ಪ್ರೇಮಕುಮಾರನಿಗೆ ಅನ್ನಿಸುತ್ತಿತ್ತು. ಅದನ್ನು ಅವನು ಅವಳಿಗೆ ಹೇಳಿರಲಿಲ್ಲ.

ನಳಿಗೆ ಕಟ್ಟಿಕೊಳ್ಳದ ಹಾಗೆ ವಾರಕ್ಕೊಮ್ಮೆ ಅದರಲ್ಲಿ ಸಲೈನ್ ಹಾಯಿಸಬೇಕು. ಆಸ್ಪತ್ರೆಗೇ ಹೋಗಬೇಕೆಂಬುದು ನಿಯಮ. ಹೋಗಿ ಬರಲು ನಾಲ್ಕು ಬಸ್ಸು, ಎಲ್ಲದರಲ್ಲೂ ಜನ, ಕೆಮ್ಮು. ವಾರ್ಡಿನ ಹಿರಿಯ ಸಿಸ್ಟರ್ ಮಂಜರಿ, ಎಲ್ಲರ ಬಾಯಲ್ಲಿ ಮಂಜರಿ ತಾಯಿ, ತಾವೇ ಹೇಳಿದರು: "ಬೇರೆಯವರಿಗಾದರೆ ಒಪ್ಪುತ್ತಿರಲಿಲ್ಲ. ನೀನು ಕಲಿಸುವವನು. ಮನೆಯಲ್ಲೇ ಮಾಡು."

ಹಾಗಾಗಿ ಪ್ರತಿ ಭಾನುವಾರ ಹೊರಕೋಣೆಯಲ್ಲಿ ಒಗೆದ ಬಟ್ಟೆ ಹಾಸಿ ಮಾನಮ್ಮನನ್ನು ಕೂರಿಸುವುದು. ಅವನು ಮುಚ್ಚಳ ತಿಕ್ಕುವುದು, ಅವಳು ಎಣಿಸುವುದು. ಎಣಿಕೆ ಅವಳಿಗೆ ಬಂದದ್ದೇ ಹಾಗೆ. ಹದಿನೈದು ಆದೊಡನೆ, "ಬಾಲ ಸ್ವಚ್ಛ" ಎಂದು ಕೂಗಿ ಅವಳೇ ಅಪ್ಪಣೆ ಕೊಡಬೇಕು. ಆಮೇಲೆ ಒಣಗಲು ಮತ್ತೊಂದು ಎಣಿಕೆ. ಅದು ಮುಗಿಯುವ ತನಕ ಮನೆಯಲ್ಲಿ ಯಾರೂ ಉಣ್ಣುವಂತಿಲ್ಲ ಎಂಬುದು ಅವನದೇ ಕಟ್ಟಳೆ.

ಎಳ್ಳಾಮಾಸಿ ಭಾನುವಾರವೇ ಬಂತು. ಊರಲ್ಲಾದರೆ ಹೊಲಕ್ಕೆ ಹೋಗಿ ಉಣ್ಣುವ ಹಬ್ಬ. ಕಾತ್ರಜದಲ್ಲಿ ಹೊಲವೆಲ್ಲಿಯದು? ಸಕ್ಕುಬಾಯಿ ಅಂಗಳದ ತುಳಸಿ ಡಬ್ಬಿಯ ಮಣ್ಣಿಗೇ ಎಡೆ ತೋರಿಸಿದಳು. ಸಜ್ಜಿ ರೊಟ್ಟಿ, ಎಲ್ಲ ಕಾಳು ಕಾಯಿ ಸೇರಿಸಿ ಕುದಿಸಿದ ಭಜ್ಜಿ, ಕಡಬು. ಪುಣೆ ಹತ್ತಿರದ ಶಿರೂರಿನಿಂದ ಮಗಳು ರಾಧಾಬಾಯಿ ಬಂದಿದ್ದಳು. ಅವಳ ಗಂಡನಿಗೆ ಅಲ್ಲಿ ಕಾರ್ಖಾನೆಯಲ್ಲಿ ಕೆಲಸ. ಅಲ್ಲಿನ ಜೋಳದ ಹೊಲಗಳಲ್ಲಿ ತಾನಾಗಿ ಬೆಳೆಯುವ ಹಕ್ಕರಕಿ ಸೊಪ್ಪನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲವೆಂದು ಒಂದು ಚೀಲ ತುಂಬ ಕಿತ್ತು ತಂದಿದ್ದಳು. ಸಜ್ಜಿ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿ, ಎರಡು ಎಲೆ ಹಕ್ಕರಕಿ ಇಟ್ಟು ಸುರುಳಿ ಸುತ್ತಿದರೆ ಹಬ್ಬವಾದಂತೆ. ಎಲೆ ಹಸಿಯೇ ಆಗಬೇಕು.

"ಕಾಕಾ, ಲಗು ಮಾಡು. ಭಜ್ಜಿ ವಾಸನಿ ಬರ್ಲತ್ತದ" ಎಂದಳು ಮಾನಮ್ಮ, ಟೋಪಿ ಸರಿಮಾಡಿಕೊಳ್ಳುತ್ತ. ಎಷ್ಟೋ ದಿನದ ಮೇಲೆ ಅವಳು ತಾನಾಗಿ ಹಸಿವು ಎಂದಿದ್ದಳು.

ಜಟ್ಟೆಪ್ಪ ಗೋಡೆಗೆ ಒರಗಿ ಕೂತಿದ್ದ. "ನರ್ಸ್ ಸಾಹೇಬ್ರ, ಹಬ್ಬ ನಾಳಿಗಿ ಇಟ್ಕೊಂಡ್ರ ನಡೀತದೇನ್ರಿ?"

"ನಾಳಿಗಿ ಅಂದ್ರ ಭಜ್ಜಿ ನಿನಗ ಉಳೀತದೇನು?" ಎಂದಳು ರಾಧಾಬಾಯಿ ಒಳಗಿನಿಂದ.

ಪ್ರೇಮಕುಮಾರ ಕೈ ತೊಳೆದು, ಹತ್ತಿ ಬಿಚ್ಚಿ, ಮುಚ್ಚಳ ಹಿಡಿದ. ಮಾನಮ್ಮ ಶುರು ಮಾಡಿದಳು.

"ಒಂದ, ಎಲ್ಡ, ಮೂರ, ನಾಕ, ಐದ, ಆರ, ಏಳ, ಹದಿನೈದ. ಬಾಲ ಸ್ವಚ್ಛ."

ಮನೆಯೆಲ್ಲ ನಕ್ಕಿತು. ಜಟ್ಟೆಪ್ಪ ತೊಡೆ ತಟ್ಟಿ, "ಭಲೇ ಮಗಳ, ಹಿಂಗ ಎಣಿಸಿದ್ರ ನನ್ನ ಫರಸಿ ಕೆಲಸ ಒಂದ ದಿನಕ್ಕ ಮುಗಿತದ" ಎಂದ. ಪ್ರೇಮಕುಮಾರನೂ ನಕ್ಕ. ಸಿರಿಂಜ್ ಹಚ್ಚಿದ. ಸಲೈನ್ ಸರಾಗವಾಗಿ ಹೋಯಿತು. ಬಾಗಿಲಲ್ಲಿ ತಾಟು ಹಿಡಿದು ನಿಂತಿದ್ದ ಸುಮಂಗಲಾ ಅದನ್ನು ನೋಡಿದಳು.

ಊಟಕ್ಕೆ ಕೂತಾಗ ಮಾನಮ್ಮ ಹಕ್ಕರಕಿ ಕೇಳಿದಳು. ಅವನು ಬೇಡ ಎಂದ. ಅವಳು ಅಳಲಿಲ್ಲ. ರೊಟ್ಟಿಯ ಸುರುಳಿಯನ್ನು ತೆರೆದು ನೋಡಿ, ಮತ್ತೆ ಮುಚ್ಚಿ, ತಾಟಿನಲ್ಲಿ ಇಟ್ಟಳು. ಸಕ್ಕುಬಾಯಿ ಉಳಿದ ಎಲೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಳು.

ಬುಧವಾರ ಮಧ್ಯಾಹ್ನ ಮಾನಮ್ಮನಿಗೆ ಚಳಿ ಹತ್ತಿತು. ಎರಡು ಕೌದಿ ಹೊದಿಸಿದರೂ ಹಲ್ಲು ಕಟಕಟ ಎನ್ನುತ್ತಿತ್ತು. ಕೆಲಸದ ಮೇಲಿದ್ದ ಪ್ರೇಮಕುಮಾರನಿಗೆ ಶರಣಮ್ಮ ಫೋನ್ ಮಾಡಿದಳು. ರಿಕ್ಷಾದಲ್ಲಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮಗುವಿನ ಮೈ ಕೆಂಡವಾಗಿತ್ತು. ನಳಿಗೆಯಿಂದ ಒಂದು, ಇನ್ನೊಂದು ಕೈಯಿಂದ ಒಂದು, ಹೀಗೆ ಎರಡು ಕಡೆಯ ರಕ್ತ ತೆಗೆದರು. ಕರ್ತವ್ಯದಲ್ಲಿದ್ದ ಕಿರಿಯ ಡಾಕ್ಟರ್ ರೂಢಿಯಂತೆ ಕೇಳಿದಳು: "ಆಜಿ, ಹೊರಗಿನದು ಏನಾದರೂ ತಿಂದೆಯಾ?"

"ಹೊರಗಿಂದಲ್ಲ. ಆಯಿ ಹಕ್ಕರಕಿ ಕೊಟ್ಳು" ಎಂದಳು ಮಾನಮ್ಮ, ಅಜ್ಜಿಯತ್ತ ನೋಡುತ್ತ. "ಕಾಕಾ ರಾಧತ್ತಿನ್ನ ಬಸ್ಸಿಗಿ ಹತ್ತಸ್ಲಾಕ ಹೋಗಿದ್ದ. ನಾಕ ಎಲಿ ಅಷ್ಟ."

ಶರಣಮ್ಮ ಹಾಸಿಗೆಯ ಆಚೆ ಬದಿಗಿದ್ದಳು. ಅವಳು ತಿರುಗಿ ಅತ್ತೆಯನ್ನು ನೋಡಿದಳು. ಸಕ್ಕುಬಾಯಿ ಬಾಗಿಲ ಹತ್ತಿರ ಚಪ್ಪಲಿ ಬಿಟ್ಟು ನಿಂತಿದ್ದಳು.

"ಉಪ್ಪು ನೀರಾಗ ಮೂರ ಸಲ ತೊಳದೀನಿ" ಎಂದಳು. "ಕುದಿಸಿ ಆರಿಸಿದ ನೀರು. ಕೈನೂ ತೊಳಕೊಂಡೀನಿ."

ಶರಣಮ್ಮ ಮಗಳತ್ತ ತಿರುಗಿ ಒದ್ದೆ ಬಟ್ಟೆಯನ್ನು ಹಣೆಗೆ ಒತ್ತಿದಳು.

ಮರುದಿನ ಸಂಜೆ ಆ ಡಾಕ್ಟರ್ ಪ್ರೇಮಕುಮಾರನನ್ನು ಪಡಸಾಲೆಗೆ ಕರೆದಳು. "ನಳಿಗೆಯ ಲೈನಿನಿಂದ ತೆಗೆದ ರಕ್ತದಲ್ಲಿ ಕೀಟಾಣು ಮೊದಲು ಬೆಳೆದಿದೆ. ಕೈಯ ರಕ್ತದಲ್ಲಿ ನಾಲ್ಕು ತಾಸು ತಡವಾಗಿ. ಚರ್ಮದ ಮೇಲಿರುವ ಜಾತಿಯ ಕೀಟಾಣು. ಹೊಟ್ಟೆಯದಲ್ಲ."

"ಖಾತ್ರಿಯಾ ಮೇಡಂ?"

"ನೂರಕ್ಕೆ ನೂರು ಯಾವುದೂ ಅಲ್ಲ. ಆದರೆ ಲೈನಿನಿಂದಲೇ ಅನ್ನಿಸುತ್ತದೆ. ತೆಗೆದುಬಿಡುತ್ತೇವೆ. ಮನೆಯಲ್ಲಿ ಸಲೈನ್ ಫ್ಲಶ್ ಮಾಡುವುದು ಯಾರು?"

"ನಾನೇ."

ಅವಳು ಕಾಗದದಿಂದ ತಲೆಯೆತ್ತಿದಳು. "ಓ, ನೀವಾ. ಹಾಗಾದರೆ ಅಲ್ಲಿ ಏನೂ ಆಗಿರಲಾರದು. ಬೇರೆ ಎಲ್ಲೋ ಆಗಿರಬೇಕು" ಎಂದು ಮುಂದಿನ ಹಾಸಿಗೆಗೆ ಹೋದಳು.

ಮೆಟ್ಟಿಲ ಹತ್ತಿರ ಜಟ್ಟೆಪ್ಪ ಕಾಯುತ್ತಿದ್ದ. ಅವನ ಉಗುರುಗಳಲ್ಲಿ ಇನ್ನೂ ಬಿಳಿ ಸಿಮೆಂಟಿತ್ತು. ಬೆಳಿಗ್ಗೆ ಕೆಲಸದಿಂದ ನೇರ ಬಂದವನು, ಒಳಗೆ ಹೋಗಲು ಹೆದರಿ ಅಲ್ಲೇ ಕೂತಿದ್ದ.

"ಏನಂದ್ರು?"

"ರಕ್ತದಾಗ ನಂಜು ಸೇರ್ಯಾದ ಅಂದ್ರು."

"ಎಲ್ಲಿಂದ ಬಂತದು?"

ಪ್ರೇಮಕುಮಾರ ಗೋಡೆಯ ಮೇಲಿನ ಕೈ ತೊಳೆಯುವ ಚಿತ್ರವನ್ನು ನೋಡುತ್ತ ನಿಂತ. ಅದನ್ನು ಅಂಟಿಸಿದವನೂ ಅವನೇ.

"ಆ ಎಲಿಯಿಂದನೇ ಹೌದಲ್ಲೋ?" ಎಂದ ಜಟ್ಟೆಪ್ಪ.

ಪ್ರೇಮಕುಮಾರ ಹೌದು ಎನ್ನಲಿಲ್ಲ. ಅಲ್ಲ ಎಂದೂ ಅನ್ನಲಿಲ್ಲ. ಜಟ್ಟೆಪ್ಪ ತಲೆಯಾಡಿಸಿ, ಎದ್ದು ಹೋದ.

ಮುಂದಿನ ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಮಾನಮ್ಮ ತೀರಿಕೊಂಡಳು. ಅವಳನ್ನು ಬಟ್ಟೆಯಲ್ಲಿ ಸುತ್ತುವಾಗ ಮಂಜರಿ ತಾಯಿ, "ಆಜಿ, ನಮ್ಮನ್ನೆಲ್ಲ ಬಿಟ್ಟು ಹೋದೆಯಲ್ಲ" ಎಂದರು. ವಾರ್ಡಿನಲ್ಲಿ ಆ ದಿನ ಮತ್ತೆ ಯಾರೂ ಆ ಹೆಸರು ಎತ್ತಲಿಲ್ಲ.

ಮನೆಯಲ್ಲಿ ಮಾತು ಕಡಿಮೆಯಾಯಿತು. ಒಂಬತ್ತು ದಿನದ ತನಕ ಬಂದುಹೋಗುವವರಿದ್ದರು. ಆಮೇಲೆ ಪಾತ್ರೆಗಳ ಸದ್ದು ಮಾತ್ರ ಉಳಿಯಿತು. ಶರಣಮ್ಮ ಹೊರಕೋಣೆಯಲ್ಲಿ ಒಂದು ಸ್ಟೋವ್ ಇಟ್ಟುಕೊಂಡು ತನಗೂ ಗಂಡನಿಗೂ ಬೇರೆ ರೊಟ್ಟಿ ಮಾಡತೊಡಗಿದಳು. ಸಕ್ಕುಬಾಯಿಯ ರೊಟ್ಟಿ ಬುಟ್ಟಿಯಲ್ಲಿ ಒಣಗುತ್ತಿತ್ತು. ಸುಮಂಗಲಾ ಕ್ಯಾಂಟೀನಿಗೆ ಅದನ್ನೇ ಕಟ್ಟಿಕೊಂಡು ಹೋಗುತ್ತಿದ್ದಳು.

"ಒಂದ ಮನಿಯಾಗ ಎರಡು ಒಲಿ ಚಂದ ಕಾಣಂಗಿಲ್ಲ ಅಕ್ಕಾ" ಎಂದಳು ಒಮ್ಮೆ.

"ನಿನಗ ಚಂದ ಕಾಣಲಿಲ್ಲಂದ್ರ ಕಣ್ಣು ಮುಚ್ಕೋ" ಎಂದಳು ಶರಣಮ್ಮ. "ಆ ಕೈಯಾಗಿಂದು ನಾ ಒಂದ ತುತ್ತು ತಿನ್ನಂಗಿಲ್ಲ. ನನ್ನ ಕೂಸು ತಿಂದಿದ್ದು ಸಾಕು."

ಸಕ್ಕುಬಾಯಿ ಒಳಗೆ ನೀರಿನ ಡ್ರಮ್ಮಿನ ಪಕ್ಕ ಕೂತು ಕೇಳಿಸಿಕೊಂಡಳು. ಆ ವಾರ ಅವಳು ಹಿಟ್ಟು ಕಲೆಸುವುದನ್ನು ಬಿಟ್ಟಳು. ದಿನಕ್ಕೆ ಹತ್ತು ಹನ್ನೆರಡು ಸಲ ಕೈ ತೊಳೆಯುತ್ತಿದ್ದಳು. ಸೋಪಿಗೆ ಬೆರಳ ಗಂಟುಗಳು ಬಿರಿದಿದ್ದವು. ಒಂದು ಸಂಜೆ ಕೆಲಸದಿಂದ ಬಂದ ಮಗನನ್ನು ಹತ್ತಿರ ಕರೆದಳು.

"ನೀ ಕಲಿಸಾಂವ. ನನಗ ಹೇಳು. ಮೂರ ಸಲ ತೊಳದ್ರ ಹೋಗಂಗಿಲ್ಲೇನು? ಎಷ್ಟ ಸಲ ತೊಳದಿದ್ರ ನಡೀತಿತ್ತು?"

ಅವನು ಚೀಲ ಕೆಳಗಿಟ್ಟ. "ಹಸೀದು ಎಷ್ಟ ತೊಳದ್ರೂ ಹಸೀದೇ, ಅವ್ವ."

ಆ ಮಾತು ಸುಳ್ಳಾಗಿರಲಿಲ್ಲ. ಸಕ್ಕುಬಾಯಿ ತನ್ನ ಎರಡೂ ಅಂಗೈಗಳನ್ನು ಮಡಿಲಲ್ಲಿ ಮಗುಚಿ ಇಟ್ಟುಕೊಂಡಳು.

ಸುಮಂಗಲಾ ಕೇಳಿದ್ದು ಒಂದೇ ಸಲ. ಬಾವಿಕಟ್ಟೆಯ ಹತ್ತಿರದ ನಳದಿಂದ ಗಂಡ ಹೆಂಡತಿ ಇಬ್ಬರೂ ನೀರು ತರುತ್ತಿದ್ದರು. ಕೊಡ ತುಂಬುವುದನ್ನೇ ನೋಡುತ್ತ ಅವಳೆಂದಳು: "ಅವತ್ತ ಆಕಿ ಏಳರಿಂದ ಹದಿನೈದಕ್ಕ ಹಾರಿದ್ಳು."

"ನಾ ಮನಸಿನಾಗ ಎಣಸ್ಲತ್ತಿದ್ದೆ."

ಕೊಡ ತುಂಬಿ ಹೊರಚೆಲ್ಲಿತು. ಅವಳು ನಳ ಬಂದ್ ಮಾಡಿದಳು. "ಹಂಗಿದ್ರ ಆಯ್ತು ಬಿಡ್ರಿ" ಎಂದು ಕೊಡವನ್ನು ಸೊಂಟಕ್ಕೇರಿಸಿದಳು.

ಶನಿವಾರದ ಆ ತರಬೇತಿಗೆ ಮುಂಚೆ ಮಂಜರಿ ತಾಯಿ ಅವನನ್ನು ತಮ್ಮ ಕೋಣೆಗೆ ಕರೆದಿದ್ದರು. "ಕಷ್ಟ ಅಂತ ಗೊತ್ತು. ಆದರೂ ಕೇಳುತ್ತೇನೆ. ಮನೆಯವರು ಪ್ರೀತಿಗೆ ಹಸಿ ಎಲೆ ಕೊಟ್ಟದ್ದನ್ನು ನೀನೇ ಹೇಳಿದರೆ ಇವರ ತಲೆಗೆ ಹೋಗುತ್ತದೆ. ನಾನು ನೂರು ಸಲ ಹೇಳಿದರೂ ಹೋಗುವುದಿಲ್ಲ."

ಇಪ್ಪತ್ತೆರಡು ಜನ ಹದಿನೈದರ ತನಕ ಎಣಿಸಿ ಮುಗಿಸಿದರು. ಕೊನೆಯ ಸಾಲಿನ ಹಿಂದೆ ಮಂಜರಿ ತಾಯಿ ನಿಂತಿದ್ದರು. ಪ್ರೇಮಕುಮಾರ ಗೊಂಬೆಯನ್ನು ಮೇಜಿನ ಮೇಲೆ ಮಲಗಿಸಿ, ಹಕ್ಕರಕಿಯ ಕಥೆ ಹೇಳಿದ. ನಮ್ಮ ಮನೆಯಲ್ಲೇ, ಎಂದ. ಮಗುವಿನ ಅಜ್ಜಿ, ಎಂದ. ನಮ್ಮ ತಾಯಿ ಎನ್ನಲಿಲ್ಲ. ವಯಸ್ಸಾದ ಆಯಾ ಒಬ್ಬಳು ಸೆರಗು ಬಾಯಿಗೆ ಹಿಡಿದು, "ಅಯ್ಯೋ, ಆ ಮುದುಕಿ ಹೇಗೆ ಬದುಕುತ್ತಾಳೋ" ಎಂದಳು. ಮೊದಲ ಸಾಲಿನ ಹುಡುಗಿ ವಹಿಯಲ್ಲಿ ಬರೆದುಕೊಂಡಳು: ಹಸಿ ಸೊಪ್ಪು ಕೊಡಬಾರದು.

ಅವನು ಮನೆಗೆ ಬಂದಾಗ ಜಗಳ ನಡೆದಿತ್ತು. ಸಕ್ಕುಬಾಯಿ ಮಾನಮ್ಮನ ತಾಟನ್ನು ತೊಳೆದು ಬಿಸಿಲಿಗೆ ಇಟ್ಟಿದ್ದಳಂತೆ. ಶರಣಮ್ಮ ಅದನ್ನು ಕಸಿದುಕೊಂಡಿದ್ದಳು.

"ಆ ತಾಟ ಮುಟ್ಟಬ್ಯಾಡಂತ ಹೇಳೀನಿ" ಎನ್ನುತ್ತಿದ್ದಳು ಶರಣಮ್ಮ.

"ಧೂಳ ಕುಂತಿತ್ತವ್ವ."

"ಕೂಡ್ಲಿ. ನೀವು ತೊಳದಿದ್ದೆಲ್ಲಾ ಏನಾಗ್ತದಂತ ನೋಡೀನಿ."

ಜಟ್ಟೆಪ್ಪ ತಲೆ ತಗ್ಗಿಸಿ ಕೂತಿದ್ದ. ಯಾರನ್ನೂ ನೋಡದೆ ಹೇಳಿದ: "ಯವ್ವಾ, ನೀ ಸ್ವಲ್ಪ ದಿನ ರಾಧಾನ ಕಡಿ ಇರು. ಈಕಿ ನಿನ್ನ ನೋಡಿದಾಗೆಲ್ಲಾ ಅಳ್ತಾಳ. ನನಗೂ..." ಮಾತು ಮುಗಿಸದೆ ತಮ್ಮನತ್ತ ತಿರುಗಿದ. "ಏನಂತಿ ತಮ್ಮಾ? ಶಾಣ್ಯಾ ನೀ. ನೀ ಹೇಳು. ನಾ ಅನ್ನೋದು ತಪ್ಪೇನು?"

ಸುಮಂಗಲಾ ಒಳಗಿನ ಬಾಗಿಲಿಗೆ ಬಂದು ನಿಂತಳು. ಅವಳು ಗಂಡನನ್ನೇ ನೋಡುತ್ತಿದ್ದಳು.

"ಸ್ವಲ್ಪ ದಿನ ಅಂದ್ರ..." ಎಂದ ಪ್ರೇಮಕುಮಾರ. ಆಮೇಲೆ, "ನಾ ಬಸ್ಸಿಗಿ ಹತ್ತಿಸಿ ಬರ್ತೀನಿ" ಎಂದ.

ಸುಮಂಗಲಾ ಒಳಗೆ ಹೋಗಿ ಅತ್ತೆಯ ಸೀರೆಗಳನ್ನು ಮಡಚತೊಡಗಿದಳು.

ಭಾನುವಾರ ಬೆಳಿಗ್ಗೆ ತಾಯಿ ಮಗ ಹೊರಟರು. ಸಕ್ಕುಬಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತು, ಗೀಟು ಎಳೆದ ಚಿತ್ರಗಳ ಹಾಳೆಯನ್ನು ನೋಡಿದಳು. ಅದನ್ನು ಯಾರೂ ಕಿತ್ತಿರಲಿಲ್ಲ. ಶರಣಮ್ಮ ಹೊರಗೆ ಬರಲಿಲ್ಲ. ಜಟ್ಟೆಪ್ಪ ಬೀದಿಯ ತಿರುವಿನ ತನಕ ಚೀಲ ಹೊತ್ತು ತಂದು, ಅವ್ವನ ಕಾಲು ಮುಟ್ಟಿ, ಬೇಗ ಹಿಂದಿರುಗಿದ.

ಬಸ್ ಸ್ಟ್ಯಾಂಡಿನಲ್ಲಿ ಶಿರೂರಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ಅವನು ಚಹಾ ತಂದ. ಸಕ್ಕುಬಾಯಿ ಕಪ್ಪು ಹಿಡಿಯುವ ಮೊದಲು ಬಾಟಲಿಯ ನೀರಿನಿಂದ ಕೈ ತೊಳೆದಳು. ಬೆರಳ ಸಂದಿ, ಉಗುರಿನ ಬುಡ, ಮಣಿಕಟ್ಟು. ತುಟಿ ಅಲ್ಲಾಡುತ್ತಿತ್ತು. ಎಣಿಸುತ್ತಿದ್ದಳು.

"ಹದಿನೈದಕ್ಕ ಬಿಡಬೇಕಲ್ಲ?" ಎಂದಳು. "ಕೂಸು ಹಂಗೇ ಅಂತಿತ್ತು."

"ಹೂಂ."

"ಅಣ್ಣನ ಮ್ಯಾಗ ಸಿಟ್ಟಾಗಬ್ಯಾಡ. ಕರುಳು ಸುಟ್ಟಾದ ಅವನದು. ಶರಣಿಗೂ ಏನೂ ಅನಬ್ಯಾಡ. ನನ್ನ ತಪ್ಪಿಗಿ ನಾ ಹೋಗ್ಲತ್ತೀನಿ."

ಪ್ರೇಮಕುಮಾರ ಚಹಾದ ಕಪ್ಪನ್ನು ತಿರುಗಿಸಿದ. ಕಂಡಕ್ಟರ್ ಶಿರೂರು, ಶಿರೂರು ಎಂದು ಕೂಗತೊಡಗಿದ್ದ.

ಅವನು ಚೀಲ ಎತ್ತಿ ಕಿಟಕಿಯ ಪಕ್ಕದ ಸೀಟಿನ ಕೆಳಗಿಟ್ಟ. ಸಕ್ಕುಬಾಯಿ ಕೂತು, ಬಿರಿದ ಬೆರಳುಗಳಿಂದ ಅವನ ಮಣಿಕಟ್ಟು ಹಿಡಿದಳು.

"ಮನಿಯಾಗ ಎಲ್ಲರೂ ನನ್ನ ಬೈದ್ರು. ಬೈಬೇಕಾದದ್ದೇ. ನೀ ಒಬ್ಬಾಂವ ಒಂದ ಮಾತ ಅನಲಿಲ್ಲ. ಅದಿಷ್ಟ ಸಾಕು ನನಗ."

ಅವನು ಕೆಳಗಿಳಿದ. ಬಸ್ಸು ಹಿಂದೆ ಸರಿದು, ತಿರುಗಿ, ಗೇಟು ದಾಟಿತು. ಕಿಟಕಿಯಲ್ಲಿ ಅವಳ ಕೈ ಸ್ವಲ್ಪ ದೂರದ ತನಕ ಕಾಣಿಸಿತು.

ಮಾನಮ್ಮ ಏಳರ ನಂತರ ಹದಿನೈದು ಅಂದಾಗ ಅವನು ಏನನ್ನೂ ಎಣಿಸಿರಲಿಲ್ಲ. ಎಲ್ಲರ ಜೊತೆ ನಕ್ಕು ಸಿರಿಂಜ್ ಹಚ್ಚಿದ್ದ. ಅದನ್ನು ಅವನು ಅವ್ವನಿಗೆ ಹೇಳಲಿಲ್ಲ.